ಮಡಕೆ ಸ್ಪೀಕರಿನಿಂದ ಕಾರಿನ ಡಿಕ್ಕಿವರೆಗೆ: ಬಾಸ್ ಡಬ್ಬದ ನೂರು ವರ್ಷ

ಭಾಗ 1/8

ಫೋಟೋದಲ್ಲಿ ಇರೋದು ನೀರಿನ ಮಡಕೆ ಅಂದ್ಕೊಂಡ್ರಾ? ಅಲ್ಲ, ಅದು ಸ್ಪೀಕರ್.

ನಮ್ಮ ಅಪ್ಪ, ದೊಡ್ಡಪ್ಪ ಹುಡುಗರಾಗಿದ್ದಾಗ ಟೇಪ್ ರೆಕಾರ್ಡರ್ ಇದ್ದ ಎಷ್ಟೋ ಮನೆಗಳಲ್ಲಿ ಇದೇ ವ್ಯವಸ್ಥೆ. ಸಂತೆಯಿಂದ ಒಂದು ಮಡಕೆ ತರೋದು, ಅದರ ಬಾಯಿಗೆ ಸರಿಯಾಗಿ ಕೂರೋ ಸ್ಪೀಕರನ್ನ ಮುಖ ಮೇಲೆ ಮಾಡಿ ಇಡೋದು, ಸಂದಿಯಲ್ಲಿ ವೈರ್ ಹೊರಗೆ ಎಳೆಯೋದು. ಮುಗೀತು. ಕೈಯಲ್ಲಿ ಹಿಡಿದಾಗ ಸೊಳ್ಳೆ ಥರ ಗುಂಯ್ ಅಂತಿದ್ದ ಸ್ಪೀಕರ್, ಮಡಕೆ ಮೇಲೆ ಕೂತ ತಕ್ಷಣ ದಪ್ಪ ದನಿ ತೆಗೀತಿತ್ತು. ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಒಬ್ಬರ ಮನೆಯಲ್ಲಿ ಕೇಳಿ ಇನ್ನೊಬ್ಬರು ಮಾಡಿದ್ದು ಅಷ್ಟೇ.

ಈಗ ತ್ಯಾವಣಿಗೆಯಲ್ಲಿ ನಿಂತು ನೋಡಿದರೆ ದಾವಣಗೆರೆ ಕಡೆಯಿಂದ ಬರೋ ಕಾರುಗಳಲ್ಲಿ ಕೆಲವು ಕಣ್ಣಿಗೆ ಕಾಣೋ ಮೊದಲೇ ಎದೆಗೆ ಬಡಿತಾವೆ. ಡಿಕ್ಕಿ ತೆಗೆದರೆ ಒಳಗೊಂದು ಪ್ಲೈವುಡ್ ಡಬ್ಬ, ಅದರಲ್ಲಿ 12 ಇಂಚಿನ ಸಬ್‌ವೂಫರ್. ಹುಡುಗರು ಸ್ಪೀಕರಿನ ಕಂಪನಿ ಬಗ್ಗೆ, ಆಂಪ್ ಎಷ್ಟು ವ್ಯಾಟ್ ಅನ್ನೋದರ ಬಗ್ಗೆ ಗಂಟೆಗಟ್ಟಲೆ ಮಾತಾಡ್ತಾರೆ. ಡಬ್ಬದ ಬಗ್ಗೆ ಕೇಳಿದರೆ "ಅಂಗಡಿಯವರೇ ಹಾಕ್ಕೊಟ್ರು" ಅಂತಾರೆ. ನಿಜ ಹೇಳಬೇಕಂದ್ರೆ ಅರ್ಧಕ್ಕರ್ಧ ಸದ್ದು ಬರೋದು ಆ ಡಬ್ಬದ ಲೆಕ್ಕದಿಂದ.

ಹೋಗ್ಲಿ, ನಾನು ಓದ್ತಿರೋದು ಬಿ.ಕಾಂ. ಫಿಸಿಕ್ಸ್ ಬಿಟ್ಟು ಪಿಯುಸಿಯಲ್ಲೇ ಕಾಮರ್ಸ್ ತಗೊಂಡವನು. ಆದರೆ ಈ ಡಬ್ಬದ ಇತಿಹಾಸ ಓದ್ತಾ ಹೋದಂತೆ ಗೊತ್ತಾಗಿದ್ದು ಏನಂದ್ರೆ, ಇದು ವಿಜ್ಞಾನಕ್ಕಿಂತ ಜಾಸ್ತಿ ವ್ಯಾಪಾರದ ಲೆಕ್ಕ. ಒಂದು ಬೇಕು ಅಂದ್ರೆ ಇನ್ನೊಂದು ಬಿಡಬೇಕು. ಬನ್ನಿ, ಒಂದೊಂದೇ ನೋಡೋಣ.

ಭಾಗ 2/8

ಮೊದಲು ಒಂದು ಪ್ರಯೋಗ. ಹಳೇ ಟಿವಿಯದ್ದೋ ಟೇಪಿಂದೋ ಬಿಚ್ಚಿದ ಸ್ಪೀಕರ್ ಇದ್ರೆ ಕೈಯಲ್ಲಿ ಹಿಡಿದು ಹಾಡು ಹಾಕಿ. ಬಾಸ್ ಇರಲ್ಲ. ಈಗ ಒಂದು ದೊಡ್ಡ ರಟ್ಟಿಗೆ ಸ್ಪೀಕರ್ ಅಳತೆಯ ತೂತು ಕೊರೆದು ಅದಕ್ಕೆ ಒತ್ತಿ ಹಿಡೀರಿ. ಬಾಸ್ ಬಂತು!

ಕಾರಣ ಸುಲಭ. ಸ್ಪೀಕರಿನ ಕೋನ್ ಮುಂದೆ ಬಂದಾಗ ಎದುರಿನ ಗಾಳಿ ಒತ್ತುತ್ತೆ, ಅದೇ ಹೊತ್ತಿಗೆ ಹಿಂದಿನ ಗಾಳಿ ಸಡಿಲ ಆಗುತ್ತೆ. ಅಂದರೆ ಮುಂದೆ ಒಂದು ಸದ್ದು, ಹಿಂದೆ ಅದಕ್ಕೆ ತದ್ವಿರುದ್ಧವಾದ ಇನ್ನೊಂದು ಸದ್ದು. ಮಧ್ಯೆ ಗೋಡೆ ಇಲ್ಲದಿದ್ರೆ ಒತ್ತಿದ ಗಾಳಿ ಅಂಚಿನಿಂದ ಸುತ್ತಿ ಹಿಂದಕ್ಕೆ ಜಾರಿಬಿಡುತ್ತೆ, ಎರಡೂ ಒಂದನ್ನೊಂದು ಕಳೆದುಹಾಕ್ತಾವೆ. ಡೆಬಿಟ್ಟು ಕ್ರೆಡಿಟ್ಟು ಸಮ ಆಗಿ ಬ್ಯಾಲೆನ್ಸ್ ಸೊನ್ನೆ.

1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅನ್ನೋ ಇಬ್ಬರು ಇಂಜಿನಿಯರುಗಳು ಕಾಗದದ ಕೋನ್, ತಂತಿ ಸುರುಳಿ, ಅಯಸ್ಕಾಂತದ ಒಂದು ಧ್ವನಿವರ್ಧಕದ ಬಗ್ಗೆ ಪ್ರಬಂಧ ಪ್ರಕಟಿಸಿದರು. ಇವತ್ತು ನಿಮ್ಮ ಕಾರಿನಲ್ಲಿರೋ ಸಬ್‌ವೂಫರ್ ಮೂಲದಲ್ಲಿ ಅದೇ. ಹಿಂದಿನ ಸದ್ದನ್ನ ಮುಂದಿನ ಸದ್ದಿನಿಂದ ಬೇರೆ ಮಾಡೋಕೆ ಹಲಗೆ ಬೇಕು ಅನ್ನೋದೂ ಅವರಿಗೆ ಆಗಲೇ ಗೊತ್ತಿತ್ತು.

ಅದಾಗಿ ಹತ್ತೇ ವರ್ಷಕ್ಕೆ, 1935ರಲ್ಲಿ, ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನೋ ಹೆಸರು ಇಡೀ ದೇಶಕ್ಕೆ ಹೋಗಿದ್ದು ಅಲ್ಲಿಂದ. ಆ ಕಾಲದ ರೇಡಿಯೋ ಪೆಟ್ಟಿಗೆಗಳನ್ನ ಹಳೇ ಮನೆಯಲ್ಲೋ ಮ್ಯೂಸಿಯಮ್ಮಿನಲ್ಲೋ ನೋಡಿದ್ರೆ ಹಿಂದಕ್ಕೆ ತಿರುಗಿಸಿ ನೋಡಿ. ಮುಂದೆ ಚೆಂದದ ಮರ, ಹಿಂದೆ ತೂತು ತೂತಿನ ರಟ್ಟು. ಒಳಗಿನ ವಾಲ್ವ್‌ಗಳ ಬಿಸಿ ಹೊರಗೆ ಹೋಗಬೇಕಲ್ಲ! ಹಿಂಬದಿ ತೆರೆದ ಈ ಪೆಟ್ಟಿಗೆ ವಾರ್ತೆಗೆ, ವೀಣೆಗೆ ಸಾಕಿತ್ತು. ಆಳದ ಬಾಸಿಗೆ ಸಾಲದು.

ಹಾಗಾದರೆ ಹಿಂದಿನ ಸದ್ದನ್ನ ಏನು ಮಾಡೋದು? ಮುಂದಿನ ನೂರು ವರ್ಷದ ಎಲ್ಲ ಡಬ್ಬಗಳೂ ಈ ಒಂದು ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು.

ಭಾಗ 3/8

ಒಂದನೇ ಉತ್ತರ: ಹಿಂದಿನ ಸದ್ದನ್ನ ಬಿಸಾಕಬೇಡ, ತಿರುಗಿಸಿ ಕೆಲಸಕ್ಕೆ ಹಚ್ಚು.

ಇದು ಅರ್ಥ ಆಗೋಕೆ ನಲ್ಲಿ ಹತ್ರ ಹೋಗಿ. ಬಿಂದಿಗೆ ತುಂಬೋವಾಗ ಸದ್ದು ಹೇಗೆ ಬದಲಾಗುತ್ತೆ? ಮೊದಲು ದಪ್ಪ, ತುಂಬ್ತಾ ತುಂಬ್ತಾ ಸಣ್ಣ. ಅಜ್ಜಿಗೆ ನೋಡದೇನೇ ಬಿಂದಿಗೆ ತುಂಬಿದ್ದು ಗೊತ್ತಾಗುತ್ತೆ. ಒಳಗೆ ಗಾಳಿಯ ಜಾಗ ಕಮ್ಮಿ ಆದಂತೆ ಸ್ವರ ಮೇಲೆ ಹೋಗುತ್ತೆ. ಇನ್ನು ಘಟ ಬಾರಿಸೋರನ್ನ ನೋಡಿ. ಘಟದ ಬಾಯನ್ನ ಹೊಟ್ಟೆಗೆ ಒತ್ತಿ, ಸಡಿಲ ಬಿಟ್ಟು ಗುಮುಕು ಬದಲಾಯಿಸ್ತಾರೆ. ಬಾಯಿ ಸಣ್ಣದಾದಷ್ಟೂ ಸ್ವರ ಕೆಳಗೆ. ಹೊಟ್ಟೆಯೊಳಗಿನ ಗಾಳಿ ಸ್ಪ್ರಿಂಗ್ ಥರ, ಕುತ್ತಿಗೆಯಲ್ಲಿರೋ ಗಾಳಿ ಆ ಸ್ಪ್ರಿಂಗಿಗೆ ಕಟ್ಟಿದ ತೂಕದ ಥರ. ಎರಡೂ ಸೇರಿ ಒಂದೇ ಒಂದು ಸ್ವರಕ್ಕೆ ಜೋರಾಗಿ ಕುಣಿತಾವೆ.

ಜರ್ಮನಿಯ ಹೆರ್ಮನ್ ಹೆಲ್ಮ್‌ಹೋಲ್ಟ್ಸ್ 1863ರ ತನ್ನ ಪುಸ್ತಕದಲ್ಲಿ ಇಂಥ ಟೊಳ್ಳು ಗೋಳಗಳನ್ನ ಬಳಸಿ ಸ್ವರಗಳನ್ನ ಬಿಡಿಸಿ ತೋರಿಸಿದ. ಅದಕ್ಕೇ ಇವತ್ತಿಗೂ ಇದಕ್ಕೆ ಅವನ ಹೆಸರು. ಅದಕ್ಕೂ ಎಷ್ಟೋ ಶತಮಾನ ಮೊದಲು ರೋಮಿನ ವಿಟ್ರುವಿಯಸ್ ನಾಟಕ ಶಾಲೆಗಳಲ್ಲಿ ಕಂಚಿನ ಪಾತ್ರೆ ಇಡೋ ವಿಚಾರ ಬರೆದಿದ್ದಾನೆ. ಘಟ ಬಾರಿಸೋರು ಇವರ್ಯಾರನ್ನೂ ಓದಬೇಕಾಗಿರಲಿಲ್ಲ ಅನ್ನೋದು ಬೇರೆ ಮಾತು.

ಅಮೆರಿಕದ ಬೆಲ್ ಲ್ಯಾಬ್ಸಿನ ಆಲ್ಬರ್ಟ್ ಥುರಾಸ್ ಇದನ್ನ ಸ್ಪೀಕರ್ ಡಬ್ಬಕ್ಕೆ ತಂದ. 1930ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1932ರಲ್ಲಿ ಸಿಕ್ತು. ಮುಚ್ಚಿದ ಡಬ್ಬಕ್ಕೆ ಒಂದು ನಳಿಗೆ. ಡಬ್ಬದ ಗಾಳಿ ಸ್ಪ್ರಿಂಗ್, ನಳಿಗೆಯ ಗಾಳಿ ತೂಕ. ಟ್ಯೂನ್ ಮಾಡಿದ ಸ್ವರದ ಹತ್ರ ಹಿಂದಿನ ಸದ್ದು ತಿರುಗಿ, ಮುಂದಿನ ಸದ್ದಿನ ಜೊತೆ ಹೆಜ್ಜೆ ಹಾಕ್ಕೊಂಡು ನಳಿಗೆಯಿಂದ ಹೊರಗೆ ಬರುತ್ತೆ. ಆ ಸ್ವರದಲ್ಲಿ ಕೋನ್ ಹೆಚ್ಚು ಅಲ್ಲಾಡೋದೂ ಇಲ್ಲ, ನಳಿಗೆಯೇ ದುಡಿಯುತ್ತೆ. ಅಂಗಡಿಯಲ್ಲಿ 'ಪೋರ್ಟೆಡ್ ಬಾಕ್ಸ್' ಅಂತಾರಲ್ಲ, ಅದು ಇದೇ. ಸಿಲಿಂಡರ್ ಥರ ಇರೋ ಬಾಸ್ ಟ್ಯೂಬುಗಳಲ್ಲೂ ಹೆಚ್ಚಿನವು ಇದೇ ಜಾತಿ.

ಇಲ್ಲೊಂದು ಬಲೆ ಐತೆ. ನಳಿಗೆ ಟ್ಯೂನ್ ಆಗಿರೋ ಸ್ವರಕ್ಕಿಂತ ಕೆಳಗೆ ಹೋದರೆ ಡಬ್ಬದ ಗಾಳಿ ಕೋನನ್ನ ಹಿಡಿಯೋದೇ ಇಲ್ಲ. ಗಾಳಿ ನಳಿಗೆಯಲ್ಲಿ ಸುಮ್ಮನೆ ಹೋಗಿ ಬರುತ್ತೆ, ಕೋನ್ ಹಗ್ಗ ಬಿಚ್ಚಿದ ಕರು ಥರ ಎಗರಾಡುತ್ತೆ. ಸಬ್‌ವೂಫರ್ ಕಿತ್ತು ಹೋಗೋದು ಹಿಂಗೂ ಉಂಟು. ಅದಕ್ಕೇ ಪೋರ್ಟೆಡ್ ಡಬ್ಬ ಇದ್ದವರು ಆಂಪಿನಲ್ಲಿ ಸಬ್‌ಸಾನಿಕ್ ಫಿಲ್ಟರ್ ಹಾಕ್ಕೊಳ್ಳಲೇಬೇಕು.

ಭಾಗ 4/8

ಎರಡನೇ ಉತ್ತರ ಹಟಮಾರಿಯದ್ದು: ಹಿಂದಿನ ಸದ್ದನ್ನ ಒಳಗೇ ಕೂಡಿ ಹಾಕು.

ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿದ್ದೀರಲ್ಲ? ಗಾಳಿ ಕೈಯನ್ನ ವಾಪಸ್ ತಳ್ಳುತ್ತೆ. ಪೂರ್ತಿ ಮುಚ್ಚಿದ ಚಿಕ್ಕ ಡಬ್ಬದಲ್ಲಿ ಕೋನಿಗೂ ಹಂಗೇ ಆಗೋದು. ಆಗಿನ ಸ್ಪೀಕರುಗಳ ಅಂಚು ಮೊದಲೇ ಬಿಗಿ, ಅದರ ಮೇಲೆ ಗಾಳಿಯ ಬಿಗಿ ಬೇರೆ. ಬಾಸ್ ಸತ್ತೇ ಹೋಗ್ತಿತ್ತು. ಅದಕ್ಕೇ ಒಳ್ಳೆ ಬಾಸ್ ಬೇಕಾದವರು ಫ್ರಿಜ್ಜಿನ ಗಾತ್ರದ ಡಬ್ಬ ಇಟ್ಕೊಬೇಕಿತ್ತು.

ಎಡ್ಗರ್ ವಿಲ್ಚರ್ ಅನ್ನೋ ನ್ಯೂಯಾರ್ಕಿನ ಮೇಷ್ಟ್ರು ಇದನ್ನ ಉಲ್ಟಾ ಯೋಚನೆ ಮಾಡಿದ. ಗಾಳಿ ಹೇಗೂ ಸ್ಪ್ರಿಂಗ್ ಆಗುತ್ತೆ ಅಂದ್ರೆ, ಸ್ಪೀಕರಿಗೆ ಬೇರೆ ಬಿಗಿ ಯಾಕೆ ಬೇಕು? ಅಂಚನ್ನ ಸಡಿಲ ಬಿಡು, ಸ್ಪ್ರಿಂಗಿನ ಕೆಲಸ ಗಾಳಿಗೇ ಕೊಡು. ಮೊದಲ ಮಾದರಿಗೆ ಕೋನಿನ ಅಂಚು ತೆಗೆದು ಹಾಸಿಗೆ ಬಟ್ಟೆ ಹಾಕಿದ್ದರು. ಬಟ್ಟೆ ಸ್ಪ್ರಿಂಗಿಗಿಂತ ಗಾಳಿ ಸ್ಪ್ರಿಂಗ್ ಹೆಚ್ಚು ಪ್ರಾಮಾಣಿಕ, ಎಷ್ಟು ಒತ್ತಿದರೆ ಅಷ್ಟೇ ತಳ್ಳುತ್ತೆ. ಹಾಗಾಗಿ ಸದ್ದೂ ಶುದ್ಧ.

ಮೊದಲು ಹೋಗಿ ಕೇಳಿದ ಕಂಪನಿಗಳು ಇದು ಆಗಲ್ಲ ಅಂದವು. ಆಮೇಲೆ ತನ್ನ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಜೊತೆ ಸೇರಿ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಅನ್ನೋ ಕಂಪನಿ ಕಟ್ಟಿದ. ಅವರ ಮೊದಲ ಸ್ಪೀಕರ್ ಎಆರ್-1 ಕಪಾಟಿನಲ್ಲಿ ಹಿಡಿಸ್ತಿತ್ತು, ಬಾಸ್ ಮಾತ್ರ ದೊಡ್ಡ ಬೀರುಗಳದ್ದು. ಇವತ್ತು ಕಾರಿನಲ್ಲಿರೋ ಪ್ರತಿ 'ಸೀಲ್ಡ್ ಬಾಕ್ಸ್', ಸೀಟ್ ಕೆಳಗೆ ಕೂರೋ ಚಪ್ಪಟೆ ಸಬ್‌ವೂಫರ್ ಸಹ, ಈ ಮನುಷ್ಯನ ಮೊಮ್ಮಕ್ಕಳು.

ವಿಲ್ಚರ್ ಬಗ್ಗೆ ನನಗೆ ಇನ್ನೂ ಇಷ್ಟ ಆಗಿದ್ದು ಆಮೇಲಿನ ಕಥೆ. ಕಂಪನಿ ಮಾರಿದ ಮೇಲೆ ಅವನು ಹಿಡಿದ ಕೆಲಸ ಕಿವಿ ಕೇಳದವರ ಶ್ರವಣ ಸಾಧನ. ಸಣ್ಣ ಸದ್ದು ಎತ್ತಿ, ದೊಡ್ಡ ಸದ್ದು ತಗ್ಗಿಸಿ, ಬೇರೆ ಬೇರೆ ಸ್ವರಗಳಿಗೆ ಬೇರೆ ಬೇರೆ ಲೆಕ್ಕ ಇಡೋ ವಿಧಾನ ರೂಪಿಸಿದ. ಅದಕ್ಕೆ ಪೇಟೆಂಟ್ ಮಾಡಿಸಲಿಲ್ಲ, ಯಾರು ಬೇಕಾದ್ರೂ ಬಳಸಲಿ ಅಂತ ಬಿಟ್ಟ.

ಭಾಗ 5/8

ಅಲ್ಲಿವರೆಗೆ ಡಬ್ಬ ಮಾಡೋದು ಅಂದ್ರೆ ಅಂದಾಜು. ಮಾಡು, ಕೇಳು, ನಳಿಗೆ ಕತ್ತರಿಸು, ಮತ್ತೆ ಕೇಳು.

ಇದನ್ನ ಲೆಕ್ಕದ ಪುಸ್ತಕಕ್ಕೆ ತಂದಿದ್ದು ಆಸ್ಟ್ರೇಲಿಯ. ನೆವಿಲ್ ಥೀಲ್ ಅನ್ನೋ ಇಂಜಿನಿಯರ್ 1961ರಲ್ಲಿ ಪೋರ್ಟೆಡ್ ಡಬ್ಬದ ಗಣಿತ ಪ್ರಕಟಿಸಿದ. ಅಲ್ಲಿನ ಪತ್ರಿಕೆಯಲ್ಲಿ ಬಂದಿದ್ದಕ್ಕೋ ಏನೋ, ಹೊರಗಿನವರು ಹೆಚ್ಚು ಗಮನಿಸಲಿಲ್ಲ. 1971ರಲ್ಲಿ ಅಮೆರಿಕದ ಆಡಿಯೋ ಇಂಜಿನಿಯರುಗಳ ಪತ್ರಿಕೆ ಅದನ್ನ ಮರುಮುದ್ರಿಸಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡ್ತಿದ್ದ ರಿಚರ್ಡ್ ಸ್ಮಾಲ್ ಅದನ್ನ ಸೀಲ್ಡ್ ಡಬ್ಬಕ್ಕೂ ವಿಸ್ತರಿಸಿ 1972, 73ರಲ್ಲಿ ಸಾಲು ಸಾಲು ಪ್ರಬಂಧ ಬರೆದ. ಇಬ್ಬರ ಹೆಸರೂ ಸೇರಿ 'ಥೀಲ್-ಸ್ಮಾಲ್ ಪ್ಯಾರಾಮೀಟರ್ಸ್'. ಸಬ್‌ವೂಫರಿನ ಪೆಟ್ಟಿಗೆಯಲ್ಲಿ ಒಂದು ಚೀಟಿ ಇರುತ್ತಲ್ಲ, ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ? ಅದೇ. ಬಹಳ ಜನ ಆ ಚೀಟಿಯನ್ನ ಥರ್ಮಾಕೋಲ್ ಜೊತೆ ಬಿಸಾಕ್ತಾರೆ. ಅಡಿಕೆ ತೋಟ ಚೇಣಿಗೆ ಕೊಟ್ಟು ಕರಾರು ಪತ್ರ ಒಲೆಗೆ ಹಾಕಿದಂಗೆ.

ಆ ಚೀಟಿಯಿಂದ ಒಂದು ಸರಳ ಲೆಕ್ಕ ಮಾಡಬಹುದು. ಎಫ್‌ಎಸ್ ಅನ್ನ ಕ್ಯೂಇಎಸ್‌ನಿಂದ ಭಾಗಿಸಿ. ಉತ್ತರ 50ರ ಆಸುಪಾಸು ಅಥವಾ ಕೆಳಗೆ ಬಂದ್ರೆ ಆ ಸ್ಪೀಕರ್ ಸೀಲ್ಡ್ ಡಬ್ಬ ಕೇಳ್ತಿದೆ. 100ರ ಹತ್ರ ಬಂದ್ರೆ ಪೋರ್ಟೆಡ್. ಮಧ್ಯದಲ್ಲಿದ್ರೆ ಎರಡೂ ನಡೆಯುತ್ತೆ. ಇದು ಕಣ್ಣಂದಾಜಿನ ಸೂತ್ರ, ಶಾಸನ ಅಲ್ಲ. ಆದ್ರೂ ಅಂಗಡಿಯಲ್ಲಿ ನಿಂತು ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಹತ್ತು ಸೆಕೆಂಡಿನಲ್ಲಿ ಆಗುತ್ತೆ.

ನನ್ನಂಥ ಕಾಮರ್ಸಿನವನಿಗೆ ಇಷ್ಟ ಆಗಿದ್ದು ಹಾಫ್‌ಮನ್ ನಿಯಮ. ವಿಲ್ಚರ್ ಜೊತೆಗಿದ್ದ ಕ್ಲಾಸ್ 1957ರಲ್ಲಿ ಬೇರೆಯಾಗಿ ಕೆಎಲ್‌ಎಚ್ ಅನ್ನೋ ಕಂಪನಿ ಮಾಡಿದ. ಅದರ 'ಎಚ್' ಅಂದರೆ ಆಂಟನ್ ಹಾಫ್‌ಮನ್. ಅವನು ಹೇಳಿದ್ದರ ಸಾರ ಇಷ್ಟು: ಚಿಕ್ಕ ಡಬ್ಬ, ಆಳದ ಬಾಸ್, ಕಮ್ಮಿ ವ್ಯಾಟಿಗೆ ಜೋರು ಸದ್ದು. ಮೂರರಲ್ಲಿ ಎರಡು ಮಾತ್ರ ತಗೊಳ್ಳಬಹುದು, ಮೂರನೇದು ಬಿಡಬೇಕು. ಅರ್ಥಶಾಸ್ತ್ರದ ಪೀರಿಯಡ್ಡಿನಲ್ಲಿ ಅವಕಾಶ ವೆಚ್ಚ ಅಂತ ಬರೆಸಿದ್ರಲ್ಲ, ಅದೇ ಇದು.

ಭಾಗ 6/8

ಈಗ ಕಾರಿಗೆ ಬರೋಣ. ಮೋಟೊರೋಲಾ ಕಾರ್ ರೇಡಿಯೋ ಬಂದಿದ್ದು 1930ರಲ್ಲಿ. ಸಿನಿಮಾ ಥಿಯೇಟರಿನಲ್ಲಿ ನೆಲ ನಡುಗಿಸೋ ಬಾಸ್ ಜನರಿಗೆ ರುಚಿ ಹತ್ತಿದ್ದು 1974ರ 'ಅರ್ಥ್‌ಕ್ವೇಕ್' ಸಿನಿಮಾದ ಕಾಲದಲ್ಲಿ. ನಮ್ಮಲ್ಲಿ ಮಾರುತಿ 800 ಬಂದಿದ್ದು 1983ರ ಕೊನೆಗೆ, ಮುಂದಿನ ವರ್ಷ ವ್ಯಾನ್. ಆಮೇಲೆ ಕ್ಯಾಸೆಟ್, ಸಿಡಿ, ಪೆನ್‌ಡ್ರೈವ್, ಬ್ಲೂಟೂತ್. ಅದೆಲ್ಲ ನಿಮಗೆ ಗೊತ್ತಿರೋದೇ.

ಗೊತ್ತಿಲ್ಲದ ವಿಷಯ ಇದು. 40 ಹರ್ಟ್ಸಿನ ಬಾಸ್ ಅಲೆಯ ಉದ್ದ ಎಷ್ಟು ಗೊತ್ತಾ? ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 40ರಿಂದ ಭಾಗಿಸಿದರೆ ಎಂಟೂವರೆ ಮೀಟರ್ ದಾಟುತ್ತೆ. ಎರಡು ಸ್ವಿಫ್ಟ್ ಕಾರು ಸಾಲಾಗಿ ನಿಲ್ಲಿಸಿದರೂ ಅಷ್ಟು ಉದ್ದ ಆಗಲ್ಲ. ಹಾಗಾದ್ರೆ ಕಾರಿನ ಒಳಗೆ ಆ ಅಲೆ ಹಿಡಿಸೋದು ಹೇಗೆ? ಹಿಡಿಸೋದಿಲ್ಲ. ಅಲೆ ಓಡಾಡೋ ಬದಲು ಇಡೀ ಕಾರಿನ ಗಾಳಿ ಒಂದೇ ಸಲ ಒತ್ತಿ ಸಡಿಲ ಆಗುತ್ತೆ. ಸುಮಾರು 60 ಹರ್ಟ್ಸಿನಿಂದ ಕೆಳಗೆ ಹೋದಂತೆ ಕಾರೇ ಬಾಸನ್ನ ಎತ್ತಿ ಕೊಡುತ್ತೆ. ಇದಕ್ಕೆ ಕ್ಯಾಬಿನ್ ಗೇನ್ ಅಂತಾರೆ.

ಇದು ಪುಣ್ಯದ ಮಾತು ಯಾಕಂದ್ರೆ, ಸೀಲ್ಡ್ ಡಬ್ಬದ ಬಾಸ್ ಕೆಳಗೆ ಹೋದಂತೆ ಮೆಲ್ಲಗೆ ಇಳಿಯುತ್ತೆ, ಕಾರು ಹೆಚ್ಚುಕಮ್ಮಿ ಅಷ್ಟೇ ಮೆಲ್ಲಗೆ ಏರಿಸುತ್ತೆ. ಒಂದಕ್ಕೊಂದು ಸರಿಹೋಗುತ್ತೆ. ಮನೆಯ ಹಾಲಿನಲ್ಲಿ ಬಡವಾಗಿ ಕೇಳೋ ಸೀಲ್ಡ್ ಡಬ್ಬ ಕಾರಿನಲ್ಲಿ ಸಾಹುಕಾರ. ಪೋರ್ಟೆಡ್ ಡಬ್ಬ ಮೊದಲೇ ಜೋರು, ಮೇಲೆ ಕಾರಿನ ಪಾಲೂ ಸೇರಿ ಎಲ್ಲ ಹಾಡೂ ಒಂದೇ ಗುಂಯ್ ಅನ್ನೋ ಹಾಗೆ ಆಗಬಹುದು, ಟ್ಯೂನಿಂಗ್ ಸರಿ ಇಲ್ಲದಿದ್ರೆ.

ಈಗ ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರುಗಳನ್ನ ನೆನೆಸಿಕೊಳ್ಳಿ. ಸೀಟಿನ ಹಿಂದೆ ಸೌಂಡ್ ಬಾಕ್ಸ್ ಕಟ್ಟಿಕೊಂಡು ಹೋಗ್ತಾವಲ್ಲ. ಟ್ರ್ಯಾಕ್ಟರಿಗೆ ಗೋಡೆ ಇಲ್ಲ, ಗಾಜಿಲ್ಲ. ಕ್ಯಾಬಿನ್ ಗೇನ್ ಸೊನ್ನೆ. ಅಲ್ಲಿ ಸೀಲ್ಡ್ ಡಬ್ಬ ಹಾಕಿದರೆ ಇಂಜಿನ್ ಸದ್ದಲ್ಲಿ ಮುಳುಗಿಹೋಗುತ್ತೆ. ಅವರು ದೊಡ್ಡ ಪೋರ್ಟೆಡ್ ಡಬ್ಬ ಹಾಕೋದು ಶೋಕಿಗೆ ಮಾತ್ರ ಅಲ್ಲ, ಲೆಕ್ಕವೂ ಅದನ್ನೇ ಹೇಳುತ್ತೆ. ಕಾರಿನವನು ಟ್ರ್ಯಾಕ್ಟರ್ ನೋಡಿ ಅದೇ ಡಬ್ಬ ಮಾಡಿಸಿದ್ರೆ ಮಾತ್ರ ಕೆಟ್ಟ.

ಇನ್ನೊಂದು ಜಾತಿ ಬ್ಯಾಂಡ್‌ಪಾಸ್. ಸ್ಪೀಕರ್ ಪೂರ್ತಿ ಒಳಗೆ, ಸದ್ದು ನಳಿಗೆಯಿಂದ ಮಾತ್ರ. ಬೋಸ್ ಕಂಪನಿ 1987ರಲ್ಲಿ ಇದೇ ತತ್ವದಿಂದ ಸೋಫಾ ಹಿಂದೆ ಬಚ್ಚಿಡೋ ಡಬ್ಬ ಮಾರಿತು. ಕಾರಿನವರು ಅದಕ್ಕೆ ಅಕ್ರಿಲಿಕ್ ಕಿಟಕಿ, ಲೈಟು ಹಾಕ್ಕೊಂಡರು. ಕೆಲವೇ ಸ್ವರಗಳಲ್ಲಿ ಭಾರಿ ಜೋರು. ಒಂದು ಅಳತೆ ತಪ್ಪಿದ್ರೂ ಕೆಟ್ಟದಾಗಿ ಕೇಳುತ್ತೆ, ಮೊದಲ ಡಬ್ಬಕ್ಕೆ ಇದರ ಸಹವಾಸ ಬೇಡ.

ಭಾಗ 7/8

ನಮ್ಮ ಕ್ಲಾಸಿನ ಒಬ್ಬನ ಪ್ರಶ್ನೆಯಿಂದಲೇ ಇಷ್ಟೆಲ್ಲ ಓದಿದ್ದು. ಹೆಸರು ಹೇಳಲ್ಲ, ಓದ್ತಿದ್ದಾನೆ. ಈ ಸಲ ಅಡಿಕೆ ದುಡ್ಡು ಬಂದ ಮೇಲೆ ಕಾರಿಗೆ ಸಬ್‌ವೂಫರ್ ಹಾಕಿಸ್ಕೋ ಅಂತ ಅವರಪ್ಪ ಒಪ್ಪಿದ್ದಾರೆ. ಅವನ ಆಸೆ 12 ಇಂಚು, ಪೋರ್ಟೆಡ್, ಡಿಕ್ಕಿ ತುಂಬ.

ಲೇ, ಒಂದು ನಿಮಿಷ ನಿಮ್ಮ ಡಿಕ್ಕಿ ನೆನಪು ಮಾಡ್ಕೋ. ನಿಮ್ಮ ಮನೆಯಲ್ಲಿ ಅದು ಬರೀ ಕಾರಲ್ಲ. ತೋಟಕ್ಕೆ ಔಷಧಿ ಕ್ಯಾನ್ ಹೋಗೋದು ಅದರಲ್ಲಿ, ಅಡಿಕೆ ಚೀಲ ಬರೋದು ಅದರಲ್ಲಿ, ಅಜ್ಜಿ ದಾವಣಗೆರೆ ಆಸ್ಪತ್ರೆಗೆ ಹೋಗುವಾಗ ಹಾಸಿಗೆ, ಬುತ್ತಿ ಎಲ್ಲ ಅದರಲ್ಲೇ. 12 ಇಂಚಿನ ಪೋರ್ಟೆಡ್ ಡಬ್ಬಕ್ಕೆ ಸಾಮಾನ್ಯವಾಗಿ 50, 60 ಲೀಟರ್ ಒಳಜಾಗ ಬೇಕು, ಹಲಗೆಯ ದಪ್ಪ ಬೇರೆ. ಹ್ಯಾಚ್‌ಬ್ಯಾಕ್ ಡಿಕ್ಕಿ ಮುಗೀತು. ಸ್ಟೆಪ್ನಿ ತೆಗೀಬೇಕಂದ್ರೂ ಮೊದಲು ಡಬ್ಬ ಎತ್ತಬೇಕು.

'ಸ್ವಲ್ಪ ಚಿಕ್ಕದಾಗಿ ಮಾಡ್ಕೊಡ್ತೀವಿ ಬಿಡಿ' ಅಂತ ಯಾರಾದ್ರೂ ಅಂದ್ರೆ ಬಿಂದಿಗೆ ನೆನಪು ಮಾಡ್ಕೋ. 45 ಹರ್ಟ್ಸಿಗೆ ಟ್ಯೂನ್ ಆಗಿದ್ದ 50 ಲೀಟರ್ ಡಬ್ಬವನ್ನ, ನಳಿಗೆ ಹಂಗೇ ಇಟ್ಟು 25 ಲೀಟರಿಗೆ ಇಳಿಸಿದ್ರೆ ಟ್ಯೂನಿಂಗ್ 63 ಹರ್ಟ್ಸ್ ದಾಟುತ್ತೆ. ಆಳದ ಬಾಸ್ ಹೋಯ್ತು, ಢಬ್ ಢಬ್ ಉಳೀತು. ಸ್ಪೀಕರಿಗೂ ಅಪಾಯ.

ಪೋರ್ಟೆಡ್ ಪರವಾಗಿಯೂ ಹೇಳಬೇಕು, ಇಲ್ಲಾಂದ್ರೆ ಅನ್ಯಾಯ. ಸ್ಮಾಲ್ ಲೆಕ್ಕದ ಪ್ರಕಾರ ಅಷ್ಟೇ ಜಾಗಕ್ಕೆ, ಅಷ್ಟೇ ಆಳಕ್ಕೆ ಪೋರ್ಟೆಡ್ ಡಬ್ಬ ಸೀಲ್ಡ್‌ಗಿಂತ ಹೆಚ್ಚುಕಮ್ಮಿ 3 ಡೆಸಿಬೆಲ್ ಮುಂದೆ. 3 ಡೆಸಿಬೆಲ್ ಅಂದ್ರೆ ಆಂಪಿನ ವ್ಯಾಟ್ ಎರಡರಷ್ಟು. ಜಾಗ ಇದ್ದು ದುಡ್ಡು ಕಮ್ಮಿ ಇದ್ದವರಿಗೆ ಅದೇ ಸರಿ. ಜಾಗವೇ ಇಲ್ಲದವರಿಗೆ, ಸಿಎನ್‌ಜಿ ಸಿಲಿಂಡರ್ ಕೂತಿರೋ ಡಿಕ್ಕಿಯವರಿಗೆ, ಸೀಟ್ ಕೆಳಗಿನ ಚಪ್ಪಟೆ ಸಬ್‌ವೂಫರ್ ಸಾಕು. ಅದರಲ್ಲಿ ಎದೆ ನಡುಗಲ್ಲ, ಹಾಡು ತುಂಬಿಕೊಳ್ಳುತ್ತೆ.

ನಿನಗೆ ನಾನು ಹೇಳೋದು: 10 ಇಂಚು, ಸೀಲ್ಡ್, ಡಿಕ್ಕಿಯ ಒಂದು ಮಗ್ಗುಲಿಗೆ. ಜೋರು ಸ್ವಲ್ಪ ಬಿಟ್ಟುಕೊಡ್ತೀಯ. ಜಾಗ, ಆಳ ಉಳೀತಾವೆ. ರಾತ್ರಿ 10ರ ಮೇಲೆ ಬೆಳಿಗ್ಗೆ 6ರ ತನಕ ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ಬಳಸೋ ಹಾಗಿಲ್ಲ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೂ ಐತೆ. ಹೊರಗಿನವರಿಗೆ ಕೇಳಿಸೋ ಜೋರು ನಿನಗೆ ಎಷ್ಟು ಗಂಟೆ ಉಪಯೋಗಕ್ಕೆ ಬರುತ್ತೆ, ನೀನೇ ಲೆಕ್ಕ ಹಾಕು.

ಭಾಗ 8/8

ಕೊನೆಯದು, ಕಾರ್ಪೆಂಟರ್ ಹತ್ರ ಹೋಗೋರಿಗೆ.

ಆಕಾರದ ಬಗ್ಗೆ ತಲೆ ಕೆಡಿಸ್ಕೊಬೇಡಿ. ಅಮೆರಿಕದ ಹ್ಯಾರಿ ಓಲ್ಸನ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೇರೆ ಬೇರೆ ಆಕಾರದ ಡಬ್ಬಗಳಿಗೆ ಒಂದೇ ಸ್ಪೀಕರ್ ಹಾಕಿ ನೋಡಿದಾಗ ಎಲ್ಲಕ್ಕಿಂತ ನಯವಾಗಿ ಕೇಳಿಸಿದ್ದು ಗೋಳ. ಅಂದ್ರೆ ಮಡಕೆಯವರು ಸರಿ ಇದ್ದರು! ಆದರೆ ಅದು ಹಾಡುವ ದನಿಗೆ, ಮೇಲಿನ ಸ್ವರಗಳಿಗೆ. ಎಂಟೂವರೆ ಮೀಟರ್ ಅಲೆಗೆ ಡಬ್ಬದ ಮೂಲೆ ಕಾಣೋದೇ ಇಲ್ಲ. ಸಬ್‌ವೂಫರಿಗೆ ಬೇಕಿರೋದು ಮೂರೇ: ಒಳಗೆ ಸರಿಯಾದ ಲೀಟರ್, ಅಲ್ಲಾಡದ ಗೋಡೆ, ಸೋರದ ಮೂಲೆ. ಹಾಗಾಗಿ ಸೀಟಿನ ಇಳಿಜಾರಿಗೆ ತಕ್ಕಂತೆ ಓರೆ ಮಾಡಿಸಿದ್ರೂ ನಡೆಯುತ್ತೆ.

10 ಇಂಚಿನ ಸೀಲ್ಡ್ ಡಬ್ಬಕ್ಕೆ ಒಂದು ಅಳತೆ: ಒಳಗೆ 40, 28, 20 ಸೆಂಟಿಮೀಟರ್. ಗುಣಿಸಿದರೆ 22.4 ಲೀಟರ್. ಸ್ಪೀಕರಿನ ಅಯಸ್ಕಾಂತ ಒಳಗೆ ಕೂರೋಕೆ ಸುಮಾರು 2 ಲೀಟರ್ ಕಳೆದ್ರೆ 20ರ ಹತ್ರ ಉಳಿಯುತ್ತೆ. ನಿಮ್ಮ ಸ್ಪೀಕರಿನ ಚೀಟಿ ಬೇರೆ ಹೇಳಿದ್ರೆ ಚೀಟಿಯದ್ದೇ ಸರಿ. 18 ಮಿ.ಮೀ. ಹಲಗೆಯಾದ್ರೆ ಹೊರ ಅಳತೆ 43.6, 31.6, 23.6 ಆಗುತ್ತೆ. ಕಾರ್ಪೆಂಟರಿಗೆ ಒಳ ಅಳತೆಯೋ ಹೊರ ಅಳತೆಯೋ ಅಂತ ಬರೆದೇ ಕೊಡಿ, ಬಾಯಲ್ಲಿ ಹೇಳಿದ್ರೆ ಹೊರಗಿನದ್ದು ಅಂದ್ಕೊತಾರೆ.

ಮೂಲೆಗಳಿಗೆ ಫೆವಿಕಾಲ್ ಮತ್ತು ಸ್ಕ್ರೂ ಎರಡೂ ಬೇಕು, ಬರೀ ಮೊಳೆ ಸಾಲದು. ಒಳಗಿನ ಸಂದಿಗೆ ಸಿಲಿಕಾನ್ ಎಳೆಸಿ, ಒಂದು ದಿನ ಒಣಗಲಿ, ಆಮೇಲೆ ಸ್ಪೀಕರ್ ಕೂರಿಸಿ. ಕೂರಿಸಿದ ಮೇಲೆ ಕೋನನ್ನ ಅಂಗೈಯಿಂದ ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ವಾಪಸ್ ಬಂದ್ರೆ ಗಾಳಿ ಒಳಗೇ ಐತೆ. ಟಪ್ ಅಂತ ಬಂದ್ರೆ ಎಲ್ಲೋ ಸೋರ್ತಿದೆ, ಅಗರಬತ್ತಿ ಹೊಗೆ ಹಿಡಿದು ಹಾಡು ಹಾಕಿದ್ರೆ ಯಾವ ಮೂಲೆ ಅಂತ ತೋರಿಸುತ್ತೆ. ಡಬ್ಬವನ್ನ ಡಿಕ್ಕಿಯ ನೆಲಕ್ಕೆ ಬೋಲ್ಟ್ ಹಾಕಿಸಿ, ಜೋರು ಬ್ರೇಕ್ ಹಾಕಿದಾಗ ಅದು ಹಿಂದಿನ ಸೀಟಿನವರ ಬೆನ್ನಿಗೆ ಬರಬಾರದು. ಬ್ಯಾಟರಿಯಿಂದ ಆಂಪಿಗೆ ಬರೋ ವೈರಿಗೆ ಫ್ಯೂಸು ಬ್ಯಾಟರಿ ಹತ್ರನೇ, ಒಂದೂವರೆ ಅಡಿ ಒಳಗೆ ಇರಲಿ.